ಗೋವಿಂದ ಪೈಗಳ ಚಾರ್ಟಿನಲ್ಲಿ ಒಂದು ತಪ್ಪು ಸಾಲು

ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಮಂಜೇಶ್ವರ ಗೋವಿಂದ ಪೈಗಳ ಬಗ್ಗೆ ಚಾರ್ಟ್ ಮಾಡಿ ತಂದಿದ್ದರು. ಮುತ್ತಿನಂತಹ ಅಕ್ಷರ. ನಡುವೆ ಒಂದು ಸಾಲು: ‘1949ರಲ್ಲಿ ಕೇರಳ ಸರ್ಕಾರ ಇವರಿಗೆ ರಾಷ್ಟ್ರಕವಿ ಬಿರುದು ನೀಡಿತು.’ ಎಲ್ಲಿ ಸಿಕ್ಕಿತು ಎಂದು ಕೇಳಿದೆ. “ನೆಟ್‌ನಲ್ಲಿದೆ ಟೀಚರ್, ನಾಲ್ಕು ಕಡೆ ಹೀಗೆಯೇ ಇದೆ” ಎಂದರು.

ಕೇರಳ ರಾಜ್ಯ ಹುಟ್ಟಿದ್ದೇ 1956ರ ನವೆಂಬರ್ 1ರಂದು. 1949ರಲ್ಲಿ ಮಂಜೇಶ್ವರವಿದ್ದ ಕಾಸರಗೋಡು, ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ರಾಜ್ಯ ರಚನೆಯ ದಿನಾಂಕ ಮಕ್ಕಳಿಗೆ ಬಾಯಿಪಾಠವಾಗಿತ್ತು. ಗೊತ್ತಿದ್ದ ಸಂಗತಿಯನ್ನು ಓದಿದ ಸಾಲಿನ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. ನಾನು ಕಲಿಸಿಯೇ ಇರಲಿಲ್ಲ.

ಮೊದಲು ಒಂದು ಪ್ರಶ್ನೆಪಟ್ಟಿ ಕೊಟ್ಟೆ: ಬರೆದವರ ಹೆಸರಿದೆಯೇ, ದಿನಾಂಕವಿದೆಯೇ, ವಿಳಾಸದ ಕೊನೆಯಲ್ಲಿ ಡಾಟ್ ಆರ್ಗ್ ಇದೆಯೇ? ಮಕ್ಕಳು ಎಲ್ಲದಕ್ಕೂ ಸರಿ ಗುರುತು ಹಾಕಿ ತಂದರು, ತಪ್ಪು ಮಾಹಿತಿಯ ಪುಟಕ್ಕೂ. ಡಾಟ್ ಆರ್ಗ್ ಹೆಸರನ್ನು ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದು. ಪಟ್ಟಿಯನ್ನು ಕೈಬಿಟ್ಟೆ.

ಆಮೇಲೆ ಹಿಡಿದದ್ದು ಒಂದೇ ರೂಢಿ. ಪುಟದೊಳಗೆ ಮುಳುಗುವ ಮೊದಲೇ ಹೊರಗೆ ಬಂದು, ಇನ್ನೊಂದು ಟ್ಯಾಬ್ ತೆರೆದು, ಈ ಜಾಲತಾಣ ಯಾರದು, ಇದೇ ಸಂಗತಿಯನ್ನು ಉಳಿದವರು ಹೇಗೆ ಹೇಳಿದ್ದಾರೆ ಎಂದು ನೋಡುವುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಇತಿಹಾಸಕಾರರನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ವೃತ್ತಿನಿರತ ಸತ್ಯಪರಿಶೀಲಕರನ್ನೂ ಹೋಲಿಸಿ ನೋಡಿದಾಗ, ಬೇಗ ಮತ್ತು ಸರಿಯಾಗಿ ತೀರ್ಮಾನಿಸಿದವರು ಹೀಗೆ ಪುಟದಿಂದ ಹೊರಬಂದ ಪರಿಶೀಲಕರೇ. ನಮ್ಮ ಲ್ಯಾಬಿನಲ್ಲಿ ಆ ‘ನಾಲ್ಕು ಕಡೆ’ಗಳನ್ನು ಅಕ್ಕಪಕ್ಕ ತೆರೆದೆವು. ನಾಲ್ಕರಲ್ಲೂ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು. “ಒಬ್ಬರದನ್ನು ನೋಡಿ ಉಳಿದವರು ಬರೆದಿದ್ದಾರೆ ಟೀಚರ್” ಎಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಗಿದ. ನಕಲು ಹೊಡೆದ ಉತ್ತರಪತ್ರಿಕೆಗಳನ್ನು ನಾನು ಹಿಡಿಯುವುದೂ ಹಾಗೆಯೇ ಅಲ್ಲವೇ!

ಕೇರಳ-ಕರ್ನಾಟಕ ಗಡಿಯ ನಮ್ಮ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಬಲವಿದೆ ಎಂದು ನನಗೆ ತಿಳಿದದ್ದು ಈ ತರಗತಿಯಲ್ಲೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ. ಒಂದೇ ವಿಷಯವನ್ನು ಎರಡು ಲಿಪಿಗಳಲ್ಲಿ ಹುಡುಕಿ ಎಂದೆ. ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಿದ್ದ ಮಹಾಜನ ಆಯೋಗವನ್ನೇ ಆರಿಸಿಕೊಂಡೆವು. ಮಕ್ಕಳು ತಂದ ಕನ್ನಡದ ಪುಟದಲ್ಲಿ, ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಬೇಕೆಂಬ 1967ರ ಶಿಫಾರಸಿಗೇ ಒತ್ತು. ಮಲಯಾಳದ ಪುಟದಲ್ಲಿ, ಆ ಶಿಫಾರಸು ಜಾರಿಯಾಗಲಿಲ್ಲ ಎಂಬುದಕ್ಕೆ ಒತ್ತು. ಎರಡರಲ್ಲೂ ಸುಳ್ಳಿಲ್ಲ. ಎರಡೂ ಅರ್ಧವನ್ನು ಮಾತ್ರ ಹೇಳುತ್ತಿದ್ದವು. ಸುಳ್ಳನ್ನು ಹಿಡಿಯುವುದಕ್ಕಿಂತ ಇದನ್ನು ಗುರುತಿಸುವುದು ಎಷ್ಟೋ ಕಷ್ಟ. ಇದಕ್ಕಾಗಿ ಮೂರು ಪಿರಿಯಡ್ ಕೊಟ್ಟದ್ದರಲ್ಲಿ ನನಗೆ ಒಂದಿಷ್ಟೂ ಬೇಸರವಿಲ್ಲ.

ಚಾರ್ಟ್ ಈಗಲೂ ಗೋಡೆಯ ಮೇಲಿದೆ. ತಪ್ಪು ಸಾಲನ್ನು ಅಳಿಸಲು ಬಿಡಲಿಲ್ಲ; ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನೂ ಅದು ಸಿಕ್ಕಿದ ಕಡೆಯನ್ನೂ ಬರೆಸಿದೆ. ಮೊನ್ನೆ ಅದೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಟೀಚರ್, ಆಯೋಗದ ಮೂಲ ವರದಿಯನ್ನೇ ಓದಬೇಕಿತ್ತು. ಎಲ್ಲಿ ಸಿಗುತ್ತದೆ?”