ಹಿಂದಿನ ಬೆಂಚಿನವರನ್ನು ಸೇವೆಗೆ ಕರೆಯೋದು ಹೇಗೆ?

ಆರಾಧನೆ ಮುಗಿಯುವಾಗ "ಯಾರಾದರೂ ಸಹಾಯಕ್ಕೆ ಬನ್ನಿ" ಅಂತ ಮೈಕಿನಲ್ಲಿ ಹೇಳಿ ನೋಡಿ. ಎಲ್ಲರೂ ಒಮ್ಮೆಲೇ ತಲೆ ತಗ್ಗಿಸಿ ಬೈಬಲ್ ಪುಟ ತಿರುವಲು ಶುರು! ಅದಕ್ಕೇ ಹೆಸರು ಹಿಡಿದು, ಹತ್ತಿರ ಹೋಗಿ ಕರೆಯಿರಿ. "ಅಕ್ಕಾ, ಮುಂದಿನ ಭಾನುವಾರ 15 ನಿಮಿಷ ಮುಂಚೆ ಬಂದು ಬಾಗಿಲಲ್ಲಿ ಹಾಡಿನ ಪುಸ್ತಕ ಕೊಡ್ತೀರಾ? ನಾನೂ ಜೊತೆಗಿರ್ತೀನಿ." ಕೆಲಸ ಚಿಕ್ಕದು, ಸಮಯ ಗೊತ್ತಿದೆ, ಜೊತೆಗೆ ಒಬ್ಬರಿದ್ದಾರೆ, ಹಾಗಾಗಿ ಬೇಡ ಅನ್ನೋಕೆ ಮನಸ್ಸು ಬರೋದು ಕಷ್ಟ. ಇಷ್ಟವಾಗದಿದ್ದರೆ ಬಿಡಬಹುದು ಅಂತಾನೂ ಮೊದಲೇ ಹೇಳಿಬಿಡಿ. ಒಮ್ಮೆ ಒಪ್ಪಿಕೊಂಡರೆ ಜೀವನಪೂರ್ತಿ ಕುರ್ಚಿ ಜೋಡಿಸಬೇಕು ಅನ್ನೋ ಭಯ ತುಂಬಾ ಜನರಿಗಿದೆ.

ಎಲ್ಲರನ್ನೂ ಸುಮ್ನೆ ಹಾಡಿನ ತಂಡಕ್ಕೆ ಎಳೆಯಬೇಡಿ. ಲೆಕ್ಕ ಬರುವವರು ಕಾಣಿಕೆ ಎಣಿಸಲಿ. ಮೊಬೈಲ್ ಕೆಳಗಿಡದ ಹುಡುಗರಿಗೆ ಪರದೆ ಮೇಲೆ ಹಾಡಿನ ಸಾಲು ಹಾಕೋ ಜವಾಬ್ದಾರಿ ಕೊಡಿ, ಸಭೆ ಮೂರನೇ ಚರಣ ಹಾಡುವಾಗ ಪರದೆ ಮೇಲೆ ಇನ್ನೂ ಪಲ್ಲವಿಯೇ ಇದ್ದರೆ ಬೈಯದೆ ಒಟ್ಟಿಗೆ ನಕ್ಕುಬಿಡಿ, ಆ ನಗುವಿಗೇ ಅವರು ಮುಂದಿನ ವಾರವೂ ಬರ್ತಾರೆ.

ಇನ್ನು ಎಲ್ಲವನ್ನೂ ತಾವೊಬ್ಬರೇ ಹೊತ್ತುಕೊಂಡಿರುವವರು ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ಓದಿ. ಬೆಳಗ್ಗೆಯಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಇಸ್ರಾಯೇಲ್ಯರ ನಾಯಕ ಮೋಶೆಗೆ, ನೀನೂ ದಣಿಯುತ್ತೀಯ, ಜನರೂ ದಣಿಯುತ್ತಾರೆ, 1000, 100, 50, 10 ಜನರ ಮೇಲೆ ಒಬ್ಬೊಬ್ಬರನ್ನು ನೇಮಿಸಿ ಕೆಲಸ ಹಂಚು ಅಂದಿದ್ದು ಅವನ ಮಾವ ಇತ್ರೋ. ಮೋಶೆಯೇ ಮಾವನ ಮಾತು ಕೇಳಿದ! ನೀವೂ ಈ ವಾರವೇ ಸ್ಟೋರ್ ರೂಮಿನ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ನೋಡಿ.