ಮೊದಲು ಸಂಪು, ಆಮೇಲೆ ಪಾಯ: ಗ್ರಾಂಟ್ ಮನೆ ಕಟ್ಟಿಸುವವರಿಗೆ ನೀರಿನ ಲೆಕ್ಕ

ಪಂಚಾಯಿತಿಯಿಂದ ಮನೆ ಬಂತು ಅಂದ ಕೂಡಲೇ ಎಲ್ಲರೂ ಓಡುವುದು ಮೇಸ್ತ್ರಿ ಹತ್ತಿರ. ಪಾಯಕ್ಕೆ ಎಷ್ಟಾಗುತ್ತೆ, ಮೋಲ್ಡಿಗೆ ಎಷ್ಟಾಗುತ್ತೆ, ಬಾಗಿಲು ಯಾವ ದಿಕ್ಕಿಗೆ ಇಡೋಣ. ನೀರಿನ ಮಾತು ಬರುವುದು ಗೃಹಪ್ರವೇಶಕ್ಕೆ ವಾರ ಇದ್ದಾಗ. ಆಗ ಬಚ್ಚಲ ಪಕ್ಕ ಒಂದು ಡ್ರಮ್ ಇಟ್ಟು, ಹೊಸ ಗೋಡೆಗೆ ತೂತು ಕೊರೆದು ಪೈಪ್ ಎಳೆದು, ಮಳೆ ನೀರನ್ನು ಅಂಗಳಕ್ಕೆ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ನನ್ನ ಪ್ರಕಾರ ಕ್ರಮ ತಿರುಗಬೇಕು. ನೀರಿನ ಜಾಗ ಮೊದಲು ಗುರುತು ಮಾಡಿ, ಮನೆ ಆಮೇಲೆ. ಹಾಗೆ ಮಾಡಿದರೆ ಕಟ್ಟುವ ಖರ್ಚೂ ಸ್ವಲ್ಪ ಇಳಿಯುತ್ತದೆ. ಹೇಗೆ ಅಂತ ನೋಡೋಣ.

ಕಾಗದ ಸರಿ ಇದೆಯಾ?

ಹಳ್ಳಿಯಲ್ಲಿ ಸರ್ಕಾರದ ಮನೆಗೆ ದಾರಿ ಒಂದೆರಡಲ್ಲ. ಕೇಂದ್ರದ್ದು ಪ್ರಧಾನಮಂತ್ರಿ ಆವಾಸ್ ಗ್ರಾಮೀಣ, 2016ರಲ್ಲಿ ಹಳೇ ಇಂದಿರಾ ಆವಾಸ್ ಜಾಗಕ್ಕೆ ಬಂದದ್ದು. ರಾಜ್ಯದ್ದು ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ. ಇಲ್ಲಿ ಎಲ್ಲವನ್ನೂ ನೋಡಿಕೊಳ್ಳುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಹೆಸರು ಯಾವುದಾದರೂ ನೀವು ಹೋಗಬೇಕಾದ್ದು ಗ್ರಾಮ ಪಂಚಾಯಿತಿಗೆ, ಹೆಸರು ಓದಬೇಕಾದ್ದು ಗ್ರಾಮ ಸಭೆಯಲ್ಲಿ. ಸಭೆಗೆ ಹೋಗಿ ಕೂತುಕೊಳ್ಳಿ. ನಿಮ್ಮ ಹೆಸರು ಆಯ್ಕೆಯಾದರೆ ನಡಾವಳಿ ಪ್ರತಿ ಕೇಳಿ ಇಟ್ಟುಕೊಳ್ಳಿ, ಬಾಯಿಮಾತಿನಲ್ಲಿ "ಆಗಿದೆ ಹೋಗಮ್ಮ" ಅಂದರೆ ನಂಬಬೇಡಿ.

ಜಾಗ ಇದ್ದು ಮನೆ ಇಲ್ಲದವರದು ವಸತಿ ರಹಿತರ ಪಟ್ಟಿ. ಜಾಗವೇ ಇಲ್ಲದವರದು ನಿವೇಶನ ರಹಿತರ ಪಟ್ಟಿ. ಎರಡೂ ಬೇರೆ ಬೇರೆ, ತಪ್ಪು ಪಟ್ಟಿಯಲ್ಲಿ ಸೇರಿದರೆ ವರ್ಷಗಟ್ಟಲೆ ಕಾಯುವುದೇ ಕೆಲಸ. ಜಾಗ ಇದ್ದವರು ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ತೆಗೆಸಿ ಹೆಸರು, ಅಳತೆ, ಚೆಕ್ಕುಬಂದಿ ಸರಿ ಇದೆಯಾ ನೋಡಿ. ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಇರುವವರು ಭೂ ಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮ ಆಗುತ್ತದೆಯೇ ಎಂದು ತಾಲೂಕು ಕಚೇರಿಯಲ್ಲಿ ವಿಚಾರಿಸಿ. ತಾಂಡಾ, ಹಟ್ಟಿಯವರಾದರೆ ಹಕ್ಕುಪತ್ರ ಬಂದಿದೆಯಾ ಅಂತ ಕೇಳಿ.

ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿಗೆ ಆಗುತ್ತದೆ. ಎಡವುವುದು ಇಲ್ಲೇ. ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಪಾಸ್‌ಬುಕ್‌ನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಇನ್ನೊಂದು. ದುಡ್ಡು ನೇರ ಖಾತೆಗೆ ಬರುವುದರಿಂದ ಈ ಮೂರೂ ಒಂದೇ ಥರ ಇರಬೇಕು, ಖಾತೆಗೆ ಆಧಾರ್ ಜೋಡಣೆಯೂ ಆಗಿರಬೇಕು. ಪಾಯ ಮುಗಿದ ಮೇಲೆ ಬಿಲ್ ಬರಲಿಲ್ಲ ಅಂತ ಅಲೆಯುವ ಬದಲು ಇದನ್ನು ಈಗಲೇ ಸರಿ ಮಾಡಿಸಿ.

ಕಾಮಗಾರಿ ಆದೇಶ ಕೈಗೆ ಬಂದು, ಖಾಲಿ ಜಾಗದ ಜಿಪಿಎಸ್ ಫೋಟೋ ಆಗುವವರೆಗೆ ಒಂದು ಗುದ್ದಲಿ ಮಣ್ಣೂ ತೆಗೆಯಬೇಡಿ.

ದುಡ್ಡು ಎಷ್ಟು, ಮನೆ ಎಷ್ಟು

ಪ್ರಧಾನಮಂತ್ರಿ ಆವಾಸ್‌ನಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ. ಅಂಬೇಡ್ಕರ್ ನಿವಾಸ್‌ನಲ್ಲಿ ಪರಿಶಿಷ್ಟರಿಗೆ ಹಳ್ಳಿಯಲ್ಲಿ 1.75 ಲಕ್ಷ. ಇದರ ಜೊತೆ ಉದ್ಯೋಗ ಖಾತರಿಯಲ್ಲಿ ಸುಮಾರು 90 ದಿನದ ಕೂಲಿಯನ್ನು ಮನೆ ಕೆಲಸಕ್ಕೆ ಜೋಡಿಸುವ ವ್ಯವಸ್ಥೆ ಇದೆ, ಅರ್ಹರಿಗೆ ಶೌಚಾಲಯಕ್ಕೆ 12,000 ಪ್ರತ್ಯೇಕ. ಈ ಎರಡನ್ನೂ ತುಂಬಾ ಜನ ಕೇಳುವುದೇ ಇಲ್ಲ. ಈಗ ಎಷ್ಟು ದಿನ, ದಿನಕ್ಕೆ ಎಷ್ಟು ಕೂಲಿ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಹತ್ತಿರ ಬಾಯಿಬಿಟ್ಟು ಕೇಳಿ. ಮನೆ ದುಡ್ಡು ಒಟ್ಟಿಗೆ ಬರುವುದಿಲ್ಲ. ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ಹಂತಕ್ಕೊಂದು ಫೋಟೋ, ಫೋಟೋಗೊಂದು ಕಂತು.

ಕೇಂದ್ರದ ಯೋಜನೆಯಲ್ಲಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಡುಗೆ ಜಾಗವೂ ಸೇರಿ. ಮೇಸ್ತ್ರಿ ಲೆಕ್ಕದಲ್ಲಿ, ಅಂದರೆ ನೂರು ಚದರ ಅಡಿಗೆ ಒಂದು ಚದರ, ಎರಡೂಮುಕ್ಕಾಲು ಚದರಕ್ಕೆ ಸ್ವಲ್ಪ ಕಮ್ಮಿ. ಅಷ್ಟಕ್ಕೂ ಈ ದುಡ್ಡು ಸಾಲುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಐದು ಚದರದ ಪಾಯ ಹಾಕಿ ಲಿಂಟಲ್ ಮಟ್ಟಕ್ಕೆ ನಿಂತುಹೋದ ಮನೆ ಇಲ್ಲದ ಊರೇ ಇಲ್ಲ, ಅಲ್ವಾ? ಚಿಕ್ಕದಾಗಿ ಕಟ್ಟಿ, ಮುಗಿಸಿ. ಮುಂದೆ ಒಂದು ರೂಮು ಸೇರಿಸುವ ಹಾಗೆ ಒಂದು ಕಡೆ ಜಾಗ ಬಿಟ್ಟುಕೊಂಡರೆ ಸಾಕು.

ಈಗ ಸಂಪು

ಒಳ ಅಳತೆ 2 ಮೀಟರ್ ಉದ್ದ, ಒಂದೂವರೆ ಅಗಲ, 2 ಆಳ ಇರುವ ಸಂಪಿನಲ್ಲಿ 6,000 ಲೀಟರ್ ನೀರು ಹಿಡಿಯುತ್ತದೆ. ಗೋಡೆ, ತಳಕ್ಕೆ ಜಾಗ ಬಿಟ್ಟು ಅಗೆದರೆ ಹೊರಬರುವ ಮಣ್ಣು ಸುಮಾರು 10 ಘನ ಮೀಟರ್. 25 ಚದರ ಮೀಟರ್ ಮನೆಗೆ ಒಂದೂವರೆ ಅಡಿ ಎತ್ತರದ ಪಾಯ ತುಂಬಿಸಲು ಬೇಕಾಗುವುದು ಹೆಚ್ಚುಕಡಿಮೆ 11 ಘನ ಮೀಟರ್. ಅಂದರೆ ಟ್ರ್ಯಾಕ್ಟರ್‌ನಲ್ಲಿ ತರಿಸುವ ಮಣ್ಣಿನ ಬಹುಪಾಲು ನಿಮ್ಮ ಅಂಗಳದಲ್ಲೇ ಸಿಕ್ಕಿತು. ಮೇಲಿನ ಒಂದಡಿ ಮಣ್ಣು, ಅಂದರೆ ಬೇರು, ಗೊಬ್ಬರ ಇರುವ ಭಾಗ, ಪಕ್ಕಕ್ಕಿಡಿ. ಅದು ಗಿಡಕ್ಕೆ. ಉಳಿದದ್ದನ್ನು ಅರ್ಧ ಅರ್ಧ ಅಡಿ ಹಾಕಿ, ನೀರು ಚೆಲ್ಲಿ ದಿಮ್ಮಿಸಿ.

ಎರಡನೇ ಲಾಭ ಕಟ್ಟುವಾಗಿನ ನೀರು. ಟ್ಯಾಂಕರ್‌ನವರು ಅರ್ಧ ಟ್ಯಾಂಕರ್ ಮಾರುವುದಿಲ್ಲ. ಸಂಪು ಇಲ್ಲದವರು ಗುಂಡಿಗೆ ಟಾರ್ಪಾಲು ಹಾಸಿ ಬಿಟ್ಟುಕೊಳ್ಳುತ್ತಾರೆ, ಅದು ಎಲ್ಲಾದರೂ ಹರಿದಿದ್ದರೆ ಬೆಳಗಾಗುವಷ್ಟರಲ್ಲಿ ಗುಂಡಿ ಖಾಲಿ. ನೀರಿಲ್ಲ ಅಂತ ಕ್ಯೂರಿಂಗ್ (ಸಿಮೆಂಟ್ ಕೆಲಸಕ್ಕೆ ನೀರು ಹಾಕಿ ನೆನೆಸುವುದು) ಎರಡು ದಿನಕ್ಕೆ ನಿಲ್ಲಿಸುವುದೂ ಇದರಿಂದಲೇ. ಆಮೇಲೆ ಗೋಡೆ ಬಿರುಕು ಬಿಟ್ಟರೆ ಸಿಮೆಂಟು ಸರಿ ಇರಲಿಲ್ಲ ಅಂತ ಅಂಗಡಿಯವರನ್ನು ಬೈಯುತ್ತೇವೆ.

ಎರೆಭೂಮಿಯವರು ಮಾತ್ರ ಹೀಗೆ ಮಾಡಬೇಡಿ. ಕಪ್ಪು ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವುದರಿಂದ ನೆಲದೊಳಗಿನ ಸಂಪಿನ ಗೋಡೆ ಸೀಳುತ್ತದೆ, ಆ ಮಣ್ಣು ಪಾಯಕ್ಕೆ ತುಂಬಲೂ ಆಗದು. ಅಲ್ಲಿ ನೆಲದ ಮೇಲೆ ಟ್ಯಾಂಕ್ ಇಡುವುದೇ ವಾಸಿ.

ಜಾಗ ಗುರುತು ಮಾಡುವಾಗ ಶೌಚಾಲಯದ ಗುಂಡಿಯನ್ನೂ ಒಟ್ಟಿಗೇ ಗುರುತು ಮಾಡಿ. ನೀರಿಗೂ ಗುಂಡಿಗೂ ಹತ್ತು ಮೀಟರ್ ಆದರೂ ದೂರ ಇರಲಿ, ಸಂಪು ಎತ್ತರದ ಕಡೆ, ಗುಂಡಿ ತಗ್ಗಿನ ಕಡೆ. 30x40 ಸೈಟಿನಲ್ಲಿ ಎದುರುಬದುರು ಮೂಲೆಗೆ ಅಂಟಿಸಿದರೆ ಆಗುತ್ತದೆ. 20x30 ಸೈಟಾದರೆ ಮೂಲೆಯಿಂದ ಮೂಲೆಗೆ 36 ಅಡಿ ಅಷ್ಟೇ, ಹನ್ನೊಂದು ಮೀಟರ್. ಅದರಲ್ಲಿ ಸಂಪು, ಗುಂಡಿಯ ಅಳತೆ ಕಳೆದರೆ ನಡುವೆ ಹತ್ತು ಮೀಟರ್ ಉಳಿಯುವುದಿಲ್ಲ, ಅಲ್ಲೂ ನೆಲದ ಮೇಲಿನ ಟ್ಯಾಂಕೇ ವಾಸಿ. ವಾಸ್ತು ನೋಡುವವರಿಗೂ ಈ ಅಳತೆ ಮೊದಲೇ ಹೇಳಿಬಿಡಿ!

ಛಾವಣಿಯಿಂದ ಎಷ್ಟು ನೀರು?

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 600 ಮಿ.ಮೀ. ಬೀಳುವ ಬಯಲುಸೀಮೆ ಊರು ಅಂದುಕೊಳ್ಳಿ. 25 ಚದರ ಮೀಟರ್ ಛಾವಣಿಗೆ 15,000 ಲೀಟರ್. ಆವಿ, ಸೋರಿಕೆ, ಮೊದಲ ಮಳೆ ಬಿಟ್ಟದ್ದು ಎಲ್ಲ ಕಳೆದು ಐದರಲ್ಲಿ ನಾಲ್ಕು ಪಾಲು ಸಿಕ್ಕರೂ 12,000. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಸಾಕು. ಲೆಕ್ಕ ಹಾಕಿದರೆ 400 ದಿನದ ನೀರು, ಮತ್ತೆ ಮಳೆಗಾಲದಲ್ಲಿ ತುಂಬಿದ 6,000 ಲೀಟರ್ ಸಂಪೊಂದೇ ಬೇಸಿಗೆಯಲ್ಲಿ 200 ದಿನ ನಡೆಸುತ್ತದೆ. ಕೈ ಬಿಗಿ ಇದ್ದರೆ 3,000 ಲೀಟರಿನದು ಮಾಡಿ, ನೂರು ದಿನವಾದರೂ ಆಯಿತು.

ಇದಕ್ಕೆ ಮೋಲ್ಡ್ ಹಾಕುವ ದಿನ ನೀವು ಅಲ್ಲೇ ನಿಂತಿರಬೇಕು. ನೀರು ಸಂಪಿನ ಕಡೆಯ ಮೂಲೆಗೆ ಹರಿಯುವ ಹಾಗೆ ವಾಟ ಕೊಡಿಸಿ, ಅಲ್ಲಿ ಪೈಪ್ ಬಿಡಿಸಿ. ಇಳಿಯುವ ಪೈಪಿಗೆ ಒಂದು ಟೀ (T ಆಕಾರದ ಪೈಪ್ ತುಂಡು) ಹಾಕಿ ಮುಚ್ಚಳ ಇಟ್ಟರೆ, ಮೊದಲ ಮಳೆಯಲ್ಲಿ ಮುಚ್ಚಳ ತೆಗೆದು ಧೂಳು, ಹಕ್ಕಿ ಹಿಕ್ಕೆ ಹೊರಗೆ ಹೋಗಲು ಬಿಡಬಹುದು. ಐವತ್ತು ಲೀಟರ್ ಹೋದರೆ ಎರಡು ಮಿ.ಮೀ. ಮಳೆಗೆ ಛಾವಣಿ ತೊಳೆದ ಹಾಗೆ. ಸಂಪಿನ ಬಾಯಿಗೆ ಜಲ್ಲಿ, ಇದ್ದಿಲು, ಮರಳಿನ ಸೋಸು, ಮೇಲೆ ಬಿಗಿಯಾದ ಮುಚ್ಚಳ. ಬೆಳಕು, ಸೊಳ್ಳೆ ಎರಡೂ ಒಳಗೆ ಹೋಗಬಾರದು. ಕಟ್ಟಡದ ಕೆಲಸ ಮುಗಿದ ಮೇಲೆ ಸಂಪನ್ನು ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆದು, ಆಮೇಲೆ ಪೈಪ್ ಜೋಡಿಸಿ. ಕುಡಿಯುವ ನೀರು ಕುದಿಸಿಯೇ ಕುಡಿಯಿರಿ.

ಗೋಡೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮೂರಲ್ಲಿ ಸಿಗುವುದೇ ಅಗ್ಗ. ಕರಾವಳಿಗೆ ಮುರಕಲ್ಲು, ಕಲಬುರಗಿ ಕಡೆ ಶಹಾಬಾದ್ ಕಲ್ಲು, ಕೋಲಾರದ ಕಡೆ ಸೈಜುಗಲ್ಲು. ಇಟ್ಟಿಗೆಯೇ ಆದರೆ ಅದನ್ನು ಬದಿಗೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ರ್‍ಯಾಟ್ ಟ್ರ್ಯಾಪ್ ವಿಧಾನದಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ. ಮೇಸ್ತ್ರಿಗೆ ಗೊತ್ತಿಲ್ಲದಿದ್ದರೆ ನಿಮ್ಮ ಮನೆಯ ಮೇಲೆ ಕಲಿಯಲು ಬಿಡಬೇಡಿ.

ನಲ್ಲಿ ನೀರು ಬೇರೆ, ಮಳೆ ನೀರು ಬೇರೆ

ಜಲ ಜೀವನ್ ಮಿಷನ್ ಶುರುವಾದದ್ದು 2019ರಲ್ಲಿ, ನಮ್ಮಲ್ಲಿ ಮನೆ ಮನೆಗೆ ಗಂಗೆ ಅನ್ನುವುದು ಇದನ್ನೇ. ತಲೆಗೆ ದಿನಕ್ಕೆ 55 ಲೀಟರ್ ಅನ್ನುವುದು ಅಳತೆ. ಐದು ಜನಕ್ಕೆ 275. ನಿಮ್ಮ ಬೀದಿಗೆ ಪೈಪ್ ಹಾಕುವಾಗ ಮನೆ ಇರಲಿಲ್ಲ ಅಂದರೆ ನಲ್ಲಿಗೆ ಪಂಚಾಯಿತಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಪಾಯ ಹಾಕುವಾಗಲೇ ಬೀದಿಯಿಂದ ಬಚ್ಚಲವರೆಗೆ ಒಂದು ಖಾಲಿ ಪೈಪ್ ಹುದುಗಿಸಿದರೆ ಆಮೇಲೆ ನೆಲ ಒಡೆಯುವ ಕೆಲಸವಿಲ್ಲ.

ನೀರುಗಂಟಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅಂತ ನೆರೆಯವರನ್ನು ಕೇಳಿ. ಮೂರು ದಿನಕ್ಕೊಮ್ಮೆ ಅಂದರೆ 825 ಲೀಟರ್ ಹಿಡಿದಿಡಬೇಕು, 1,000 ಲೀಟರಿನ ಸಿಂಟೆಕ್ಸ್ ಆಯಿತು. ಈ ನಲ್ಲಿ ನೀರನ್ನು ಸಂಪಿಗೆ ಬಿಡಲೇಬೇಡಿ, ಅದರಲ್ಲೂ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ. ಅಲ್ಲಿ ಆಳದ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಾಗ ಒಂದೂವರೆವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಮಳೆ ನೀರಿನಲ್ಲಿ ಆ ಕಾಟವಿಲ್ಲ. ಎರಡನ್ನೂ ಬೆರೆಸಿದರೆ ಒಳ್ಳೆಯ ನೀರನ್ನು ಸುಮ್ನೆ ಹಾಳು ಮಾಡಿದ ಹಾಗೆ. ಸಂಪಿನದು ಬಾಯಿಗೆ, ನಲ್ಲಿಯದು ಸ್ನಾನಕ್ಕೆ, ಬಟ್ಟೆಗೆ, ದನಕ್ಕೆ.

ಬಚ್ಚಲು ನೀರು ಬೀದಿಗೆ ಬಿಡದೆ ಬಚ್ಚಲು ಗುಂಡಿಗೋ ಬಾಳೆ ಬುಡಕ್ಕೋ ತಿರುಗಿಸಿ. ಶೌಚಾಲಯಕ್ಕೆ ಎರಡು ಗುಂಡಿ ಮಾಡಿಸಿ, ಒಂದು ಸಲಕ್ಕೆ ಒಂದನ್ನೇ ಬಳಸಿ. ತುಂಬಿದ್ದನ್ನು ಮುಚ್ಚಿ ಒಂದು ವರ್ಷಕ್ಕೂ ಜಾಸ್ತಿ ಬಿಟ್ಟರೆ ಒಣಗಿ ಗೊಬ್ಬರವಾಗಿರುತ್ತದೆ.

ನೀರು ಪರೀಕ್ಷೆ ಮಾಡಲು ಹಳ್ಳಿಗಳಿಗೆ ಕಿಟ್ ಕೊಟ್ಟು, ಊರಿನ ಹೆಂಗಸರಿಗೇ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮೂರಲ್ಲಿ ಕಿಟ್ ಯಾರ ಹತ್ತಿರ ಇದೆ ಅಂತ ಪಂಚಾಯಿತಿಯಲ್ಲಿ ಕೇಳಿ, ಅಲ್ಮೆರಾದಲ್ಲಿ ಧೂಳು ಹಿಡಿದಿದ್ದರೆ ಹೊರಗೆ ತೆಗೆಸಿ. ಸಂಪಿನ ನೀರು, ನಲ್ಲಿ ನೀರು ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಒಯ್ಯಿರಿ, ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ.