ಅರಿಶಿನದ ಕಲೆಗೆ ಬಿಸಿಲೇ ಮದ್ದು

ಬಿಳಿ ಪಂಚೆಗೆ ಸಾರು ಚೆಲ್ಲಿ ಅರಿಶಿನದ ಕಲೆ ಆಯ್ತಾ? ಸೋಪು ಹಚ್ಚಿದ ತಕ್ಷಣ ಅದು ಕೆಂಪಾಗುತ್ತದೆ. ಗಾಬರಿ ಬೇಡ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ವಾ, ಇದೂ ಅದೇ. ಚೆನ್ನಾಗಿ ಜಾಲಿಸಿ, ಒದ್ದೆ ಇರುವಾಗಲೇ ಕಲೆ ಮೇಲೆ ಬರುವಂತೆ ಸುಡುಬಿಸಿಲಿಗೆ ಹರವಿ. ಸಂಜೆಯೊಳಗೆ ಬಹುಪಾಲು ಮಾಸಿರುತ್ತದೆ. ಉಳಿದರೆ ಮರುದಿನ ಮತ್ತೆ ಬಿಸಿಲಿಗೆ. ಬ್ರಷ್ಷಿನಲ್ಲಿ ಉಜ್ಜಿ ಬಟ್ಟೆ ಹಾಳು ಮಾಡ್ಕೋಬೇಡಿ. ಬಣ್ಣದ ಬಟ್ಟೆ ಆದರೆ ಹುಷಾರು, ಅದರ ಬಣ್ಣವೂ ಹೋದೀತು. ಹಳದಿ ಹಿಡಿದ ಪ್ಲಾಸ್ಟಿಕ್ ಡಬ್ಬಕ್ಕೆ ಮೊದಲು ಒಂದು ಹನಿ ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ತೊಳೆದು ಬಿಸಿಲಿಗಿಡಿ.

ಅಂದ ಮೇಲೆ ಅರಿಶಿನದ ಪುಡಿಯನ್ನು ಕಿಟಕಿ ಪಕ್ಕ ಗಾಜಿನ ಬಾಟಲಿಯಲ್ಲಿ ಇಡಬಾರದು ಅಲ್ವಾ? ಸ್ಟೀಲ್ ಡಬ್ಬಿಗೆ ಹಾಕಿ.

ಅಡುಗೆಯಲ್ಲಿ ಅರಿಶಿನ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಣ್ಣ ಬಿಡುತ್ತದೆ. ಚಿತ್ರಾನ್ನಕ್ಕೆ ಒಗ್ಗರಣೆಯ ಕೊನೆಯಲ್ಲಿ, ಉರಿ ಸಣ್ಣ ಮಾಡಿ ಹಾಕಿ. ಸೀದರೆ ಕಹಿ. ಬೇಳೆ ಬೇಯಿಸುವಾಗ ಚಿಟಿಕೆ ಅರಿಶಿನದ ಜೊತೆ ಎರಡು ಹನಿ ಎಣ್ಣೆ ಬಿಟ್ಟರೆ ಕುಕ್ಕರ್ ಉಕ್ಕುವುದೂ ಕಡಿಮೆ. ಬಣ್ಣ ಬರಲಿ ಅಂತ ಸುಮ್ನೆ ಜಾಸ್ತಿ ಸುರಿಯಬೇಡಿ. ಮುಖಕ್ಕೆ ಹಚ್ಚುವ ಕಸ್ತೂರಿ ಅರಿಶಿನ ಬೇರೆ, ಅದನ್ನು ಅಡುಗೆಗೆ ಬಳಸಬೇಡಿ.